ಪೇಂಟರ್ ಕಾಕಾ ಕಲಿತ ವೆಬ್ ಡಿಸೈನು

ಹೋದ ತಿಂಗಳು ನಮ್ಮ ಎದುರು ಮನೆಯವರು ಗೇಟಿಗೆ ಬಣ್ಣ ಹಚ್ಚಿಸಿದರು. ಟರ್ಪಂಟೈನ್ ವಾಸನೆ ಬೆಳಗಿನಿಂದಲೇ ಕಿಟಕಿ ದಾಟಿ ಬಂದು ನನ್ನ ಮೇಜಿನ ಮೇಲೆ ಠಿಕಾಣಿ ಹೂಡಿತು. ಕೆಲವರಿಗೆ ಆ ವಾಸನೆಯಿಂದ ತಲೆನೋವು ಬರುತ್ತದಂತೆ. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಟರ್ಪಂಟೈನಿಗೂ ಕಂಪ್ಯೂಟರಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ಸುತ್ತು ಬಳಸಿ ಹೇಳುತ್ತೇನೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಒಂದು ಮಾತನ್ನು ಒಂದೇ ಮಾತಿನಲ್ಲಿ ಮುಗಿಸುವ ಅಭ್ಯಾಸ ಉಳಿದಿರುವುದಿಲ್ಲ.

ಆ ದಿನ ನಾನು ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಮಾಡಬೇಕಾಗಿದ್ದ ಭಾಷಣಕ್ಕೆ ಟಿಪ್ಪಣಿ ಬರೆಯುತ್ತಿದ್ದೆ. 'ವೆಬ್ ಡಿಸೈನ್ ಮತ್ತು ಮಾಹಿತಿ ತಂತ್ರಜ್ಞಾನ: ಒಂದು ಪರಿಚಯ' ಎಂದು ವಿಷಯ. ಎರಡು ತಾಸು ಮಾತು, ಕೊನೆಗೆ ಚಹಾ, ಒಂದು ಶಾಲು. ಗೋಕಾಕದಿಂದ ಹುಕ್ಕೇರಿ ಏನು ಮಹಾ ದೂರ? ಆದರೂ ಇಷ್ಟು ವರ್ಷ ಆ ಕಡೆಯಿಂದ ಕರೆ ಬಂದಾಗಲೆಲ್ಲ ಮನೆಯಲ್ಲಿ ಮದುವೆ, ಮೈಯಲ್ಲಿ ಜ್ವರ ಎಂದು ಏನೋ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಆ ಊರಿನಲ್ಲಿ ಒಬ್ಬರಿದ್ದರು. ಅವರಿಗೆ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ. ಈ ಸಲ ಬಾಯಿ ತಪ್ಪಿ ಹೂಂ ಅಂದುಬಿಟ್ಟಿದ್ದೆ. ಹುಕ್ಕೇರಿ ಎಂಬ ಹೆಸರಿನ ಜೊತೆ ಈ ವಾಸನೆಯೂ ಬಂದು ಸೇರಿದ್ದೇ ತಡ, ಟಿಪ್ಪಣಿ ಅಲ್ಲಿಗೇ ನಿಂತಿತು.

ಇಪ್ಪತ್ತು ವರ್ಷದ ಹಿಂದಿನ ಮಾತು, ಆಗ ನನಗೆ ಇಪ್ಪತ್ತಮೂರು ವರ್ಷ. ಬೆಳಗಾವಿಯಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗೋಕಾಕಕ್ಕೆ ಮರಳಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಲು ಸೇರಿದ್ದೆ. ಕೆಳಗೆ ಕರದಂಟಿನ ಅಂಗಡಿ, ಮೇಲೆ ನಾವು. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬಂತೆಂದರೆ ಹನ್ನೊಂದು ಗಂಟೆಯ ಬ್ಯಾಚಿನ ತಲೆಗೆ ಯಾವ ಪಾಠವೂ ಹತ್ತುತ್ತಿರಲಿಲ್ಲ. ನಾಲ್ಕು ಕಂಪ್ಯೂಟರ್ ಇದ್ದವು. ಅವುಗಳಲ್ಲಿ ಒಂದು ಬಾಗಿಲಲ್ಲಿ ನಿಂತು ನೋಡುವವರಿಗಷ್ಟೇ ಕಂಪ್ಯೂಟರು, ಒಳಗೆ ಏನೂ ಇರಲಿಲ್ಲ. ಚಪ್ಪಲಿ ಹೊರಗೇ ಬಿಡಬೇಕು. ಖಂಡೇನವಮಿಯ ಆಯುಧಪೂಜೆಗೆ ನಾಲ್ಕಕ್ಕೂ ವಿಭೂತಿ ಬಳಿದು ಚೆಂಡುಹೂ ಏರಿಸುತ್ತಿದ್ದೆವು. ಮರುದಿನ ಫ್ಲಾಪಿ ತೂರಿಸುವ ಸಂದಿಯಿಂದ ಹೂವಿನ ಎಸಳು ಹೆಕ್ಕುವುದೇ ನನ್ನ ಮೊದಲ ಕೆಲಸ.

ವೆಬ್ ಡಿಸೈನ್ ಕಲಿಸುತ್ತಿದ್ದೆ ಎಂದು ಗತ್ತಿನಿಂದ ಹೇಳುತ್ತಿದ್ದೇನಲ್ಲ, ಆ ಕ್ಲಾಸಿನಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ನೀರಿಲ್ಲದ ಹೊಂಡದಲ್ಲಿ ಈಜು ಕಲಿಸಿದ ಹಾಗೆ. "ನೀವು ಮಾಡಿದ ಪೇಜನ್ನ ಅಮೇರಿಕಾದಾಗಿನವರೂ ನೋಡಬಹುದು" ಎಂದು ನಾನು ಹೇಳುತ್ತಿದ್ದೆ. ಅವರು ಮಾಡಿದ ಪೇಜನ್ನು ನೋಡಲು ಅಮೇರಿಕದವರು ಗೋಕಾಕದ ನಮ್ಮ ಮೆಟ್ಟಿಲು ಹತ್ತಿಯೇ ಬರಬೇಕಾಗಿತ್ತು. ಸಾಲದ್ದಕ್ಕೆ ದಿನಾ ಕರೆಂಟು ಹೋಗುತ್ತಿತ್ತು. ಹೋದಾಗ ಎಲ್ಲರೂ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಪೆನ್ನಿನಿಂದ ಎಚ್‌ಟಿಎಂಎಲ್ ಬರೆಯುತ್ತಿದ್ದರು. ಎಚ್‌ಟಿಎಂಎಲ್ ಎಂದರೆ ಇಷ್ಟೇ: ಪುಟದಲ್ಲಿ ಏನೇನು ಬೇಕೋ ಅದನ್ನು ಕೋನದ ಕಂಸಗಳಲ್ಲಿ ಬರೆದು ಕಂಪ್ಯೂಟರಿಗೆ ಹೇಳುವುದು, ಅದು ತಲೆಯಾಡಿಸಿ ಹಾಗೆಯೇ ತೋರಿಸುವುದು. ಕಂಪ್ಯೂಟರು ತಪ್ಪು ಹಿಡಿಯುವ ಮೊದಲೇ ನಾನು ಕೆಂಪು ಪೆನ್ನಿನಲ್ಲಿ ಹಿಡಿದುಬಿಡುತ್ತಿದ್ದೆ. ಬೇರೆಯವರ ತಪ್ಪು ಹಿಡಿಯುವುದರಲ್ಲಿ ನಾನು ಆಗಲೇ ಬಹಳ ಜಾಣೆ.

ಇಂಥ ಒಂದು ಕರೆಂಟಿಲ್ಲದ ಬೆಳಿಗ್ಗೆ ಐವತ್ತು ದಾಟಿದ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಬಿಳಿ ಪಾಯಿಜಾಮದ ಮೇಲೆ ಕೆಂಪು, ಹಸಿರು ಬಣ್ಣದ ಚುಕ್ಕೆಗಳು, ಕೈಯಲ್ಲಿ ಬುತ್ತಿಚೀಲ. ಅವರಿಗಿಂತ ಮುಂಚೆ ಟರ್ಪಂಟೈನ್ ವಾಸನೆ ಒಳಗೆ ಬಂತು. ಬೋರ್ಡಿಗೆ ಬಣ್ಣ ಹಚ್ಚಲು ಮಾಲಕರು ಕರೆಸಿರಬೇಕು ಅಂದುಕೊಂಡೆ.

"ಬೋರ್ಡ್ ಕೆಳಗ ಐತ್ರಿ ಕಾಕಾ," ಎಂದೆ.

"ನೋಡಿದ್ನಿರಿ. ಅದರಾಗಿನ 'ಕ' ಎಡಕ್ಕ ವಾಲೇತಿ. ನಾ ಅದಕ್ಕ ಬಂದಿಲ್ರಿ, ಕಲಿಯಾಕ ಬಂದೇನಿ."

"ಯಾರು ಕಲಿಯೂದ್ರಿ?"

"ನಾನ ರಿ. ಯಾಕ, ಬರೂದಿಲ್ಲೇನ್ರಿ?"

ಹುಕ್ಕೇರಿಯ ಭೀಮಣ್ಣ ಪೇಂಟರ್ ಅವರೇ. ಸಂಕೇಶ್ವರದಿಂದ ಮೂಡಲಗಿಯವರೆಗೆ ಅವರು ಬರೆಯದ ಬೋರ್ಡಿಲ್ಲ, ಅವರ ಅಕ್ಷರ ಏರದ ಗೋಡೆಯಿಲ್ಲ. ಪ್ರತಿ ಬೋರ್ಡಿನ ಬಲಗಡೆಯ ಕೆಳ ಮೂಲೆಯಲ್ಲಿ ಸಣ್ಣಗೆ 'ಪೇಂಟರ್ ಭೀಮಣ್ಣ, ಹುಕ್ಕೇರಿ' ಎಂದು ಇರುತ್ತಿತ್ತು. ಅದನ್ನು ಓದಬೇಕಾದ ಗರಜೇ ಇರಲಿಲ್ಲ, ಬಸ್ಸಿನ ಕಿಟಕಿಯಿಂದ ಅಕ್ಷರ ನೋಡಿಯೇ ಜನ ಇದು ಭೀಮಣ್ಣನ ಕೈ ಎನ್ನುತ್ತಿದ್ದರು. ಈಗ ಆ ಕೈ ನಡುಗತೊಡಗಿತ್ತು. ಸಾಲದೆಂಬಂತೆ ಊರೂರಿಗೆ ಫ್ಲೆಕ್ಸ್ ಬಂದಿತ್ತು.

"ಕಂಪ್ಯೂಟರಿನ್ಯಾಗ ಕೈ ನಡಗಿದ್ರೂ ಗೆರಿ ನೆಟ್ಟಗ ಬರತೇತಿ ಅಂತ ಯಾರೋ ಹೇಳಿದ್ರು. ಖರೆ ಏನ್ರಿ ಅಕ್ಕೋರ?" ಎಂದು ಕೇಳಿದರು. ನಮ್ಮ ಕಡೆ ಕಲಿಸುವ ಹೆಂಗಸು ಎಷ್ಟು ಚಿಕ್ಕವಳಾದರೂ ಅಕ್ಕೋರೇ. ನನ್ನ ಅಪ್ಪನಿಗಿಂತ ದೊಡ್ಡವರ ಬಾಯಲ್ಲಿ ಅದನ್ನು ಕೇಳಿ ನನಗೆ ಒಳಗೊಳಗೇ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

"ಸಂಕೇಶ್ವರದಾಗೂ ಕ್ಲಾಸ್ ಐತೆಲ್ರಿ, ನಿಮಗ ಸಮೀಪ," ಎಂದೆ.

"ಅಲ್ಲಿ ಎಲ್ಲಾರೂ ಗುರುತಿನವರ ಅದಾರ್ರಿ. ಮುದುಕ ಪಾಟಿಚೀಲ ಹಾಕ್ಕೊಂಡ ಹೊಂಟಾನು ಅಂತ ನಗತಾರ. ನಿಮ್ಮೂರಾಗ ನನ್ನ ಅಕ್ಷರದ್ದ ಗುರುತ ಐತಿ, ಮಾರಿ ಗುರುತ ಇಲ್ಲ."

ಹೀಗೆ ವಾರಕ್ಕೆ ಮೂರು ದಿನ ಘಟಪ್ರಭಾ ಮೇಲೆ ಬರುವ ಬಸ್ಸು ಹಿಡಿದು ಕಾಕಾ ಬರತೊಡಗಿದರು. ಮೊದಲ ದಿನವೇ ಪರದೆಯನ್ನು ಗಂಭೀರವಾಗಿ ನೋಡಿ, "ಈ ಬೋರ್ಡ್ ಎಷ್ಟ ದೂರದಿಂದ ಓದತಾರ್ರಿ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಎರಡನೆಯ ದಿನ ಮೌಸ್ ಕೊಟ್ಟೆ. ಅವರ ಕೈ ನಡುಗಿತು, ಪರದೆಯ ಮೇಲಿನ ಬಾಣವೂ ನಡುಗಿತು. ಕೈ ತೆಗೆದರು, ಬಾಣ ನಿಂತಿತು. ಮತ್ತೆ ಹಿಡಿದರು, ಮತ್ತೆ ನಡುಗಿತು. "ಅಕ್ಕೋರ, ನನ್ನ ರೋಗ ಇದಕ್ಕೂ ಹತ್ತಿತಲ್ರಿ," ಎಂದರು. ಪಕ್ಕದಲ್ಲಿ ಕುಳಿತಿದ್ದ ಹುಡುಗಿಯರು ನಕ್ಕರು, ಕಾಕಾನೂ ನಕ್ಕರು. ಆದರೆ ಆ ನಗು ಬೇಗ ಮುಗಿಯಿತು. ನಾಳೆಯಿಂದ ಇವರು ಬರಲಿಕ್ಕಿಲ್ಲ ಎಂದು ನನಗನ್ನಿಸಿತು.

ಬಂದರು. ಆ ದಿನ ಮೌಸನ್ನು ದೂರ ಸರಿಸಿ ಕೀಬೋರ್ಡಿನಿಂದಲೇ ಶುರು ಮಾಡಿದೆ. ಎಚ್, ಆರ್ ಎಂಬ ಎರಡು ಅಕ್ಷರಗಳನ್ನು ಕೋನದ ಕಂಸದೊಳಗೆ ಬರೆದರೆ ಪುಟದ ಈ ತುದಿಯಿಂದ ಆ ತುದಿಗೆ ಒಂದು ಅಡ್ಡಗೆರೆ ಮೂಡುತ್ತದೆ. ನಮಗೆಲ್ಲ ಅದು ಲೆಕ್ಕಕ್ಕಿಲ್ಲದ ಪಾಠ, ಅರ್ಧ ನಿಮಿಷದ ಕೆಲಸ. ಕಾಕಾನ ಬಲಗೈ ಬೆರಳು ನಡುಗಿ ಒಂದು ಎಚ್ ಇರುವಲ್ಲಿ ಆರೇಳು ಎಚ್ ಬಿದ್ದವು. ಅಳಿಸಿದರು. ಬಲ ಮಣಿಕಟ್ಟನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಒಂದೊಂದಾಗಿ ಒತ್ತಿದರು. ಪುಟ ತೆರೆಯಿತು. ಗೆರೆ ಬಂತು.

ಕಾಕಾ ಬೆರಳಿನ ಉಗುರನ್ನು ಪರದೆಯ ಗಾಜಿಗೆ ಹಚ್ಚಿ ಆ ಗೆರೆಯ ಗುಂಟ ಈ ಕಡೆಯಿಂದ ಆ ಕಡೆಗೆ ಹೋದರು. ಬೆರಳು ಮೇಲೆ ಕೆಳಗೆ ಆಡಿತು, ಗೆರೆ ಆಡಲಿಲ್ಲ. "ನಾನ ಎಳದೇನ್ರಿ ಇದನ್ನ?" ಎಂದು ಕೇಳಿದರು. "ನೀವ ರಿ ಕಾಕಾ," ಎಂದೆ. ಅವರ ಕಣ್ಣು ಒದ್ದೆಯಾಗಿದ್ದವು. ನಾನು ಯುಪಿಎಸ್ಸಿನ ವಯರು ಸರಿಪಡಿಸುವವಳಂತೆ ಕೆಳಗೆ ಬಗ್ಗಿದೆ. ಆ ದಿನ ಪೂರ್ತಿ ಅವರು ಬೇರೇನೂ ಬರೆಯಲಿಲ್ಲ, ಪುಟದ ತುಂಬ ಗೆರೆ ಎಳೆದರು. ಅವತ್ತಿನಿಂದ ನನಗೆ ಕಾಕಾ ಮೇಲೆ ಉಂಟಾದ ಅಕ್ಕರೆಯನ್ನು ಹೇಗೆ ಹೇಳಲಿ? ಅವರಿಗಾಗಿ ಅರ್ಧ ತಾಸು ಮೊದಲೇ ಬಾಗಿಲು ತೆರೆಯುತ್ತಿದ್ದೆ. ಅವರು ಬುತ್ತಿಯಲ್ಲಿ ತಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ನನಗೂ ಪಾಲಿರುತ್ತಿತ್ತು.

ಮೂರು ತಿಂಗಳಾದ ಮೇಲೆ ಕಾಕಾ ತಾವು ಬಂದ ನಿಜವಾದ ಕೆಲಸ ಹೇಳಿದರು. ಮೂಡಲಗಿಯಲ್ಲಿ ನೇಮಣ್ಣನವರದೊಂದು ಭಾಂಡೆ ಅಂಗಡಿ. ತಾಮ್ರ, ಹಿತ್ತಾಳೆ, ಸ್ಟೀಲಿನ ಪಾತ್ರೆಗಳ ಹಳೆಯ ಅಂಗಡಿ ಅದು. ನೇಮಣ್ಣನವರು ಜೈನರು, ತಲೆಮಾರುಗಳಿಂದ ಅಲ್ಲೇ ವ್ಯಾಪಾರ. ಮರಾಠಿಯಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುವವರು. ಆ ಅಂಗಡಿಯ ಬೋರ್ಡು ಕಾಕಾ ಬರೆದವುಗಳಲ್ಲೆಲ್ಲ ಅವರಿಗೆ ಪ್ರೀತಿಯದು. ದೀಪಾವಳಿ ಪಾಡ್ಯದ ಹೊತ್ತಿಗೆ ಅದನ್ನು ಇಳಿಸಿ ಫ್ಲೆಕ್ಸ್ ಹಾಕಿಸುವುದೆಂದು ನೇಮಣ್ಣನವರು ತೀರ್ಮಾನಿಸಿದ್ದರು. ಜೊತೆಗೆ, ಕಾಲಕ್ಕೆ ತಕ್ಕ ಹಾಗೆ, ಅಂಗಡಿಗೊಂದು ವೆಬ್ ಪುಟವೂ ಇರಲಿ ಎಂದಿದ್ದರು.

"ಆ ಪೇಜ್ ನಾ ಮಾಡತೇನಿ ಅಂದೇನ್ರಿ," ಎಂದರು ಕಾಕಾ. "ಪೇಜ್ ಚಂದ ಆದ್ರ ಫ್ಲೆಕ್ಸಿನ ಮ್ಯಾಲೂ ನಿನ್ನ ಅಕ್ಷರಾನ ಹಾಕಸ್ತೇನಿ ಅಂದಾರ. ಕೈ ಹೋತು, ಹೋಗಲಿ. ಅಕ್ಷರ ಉಳೀಬೇಕ್ರಿ ಅಕ್ಕೋರ."

ನಾವಿಬ್ಬರೂ ಕೂಡಿ ಪುಟ ಮಾಡಿದೆವು. ಮೇಲೆ ಅಂಗಡಿಯ ಹೆಸರು, ನಡುವೆ ಪಾತ್ರೆಗಳ ಫೋಟೋ, ಕೆಳಗೆ ವಿಳಾಸ, ಅಲ್ಲಲ್ಲಿ ಕಾಕಾನ ಅಡ್ಡಗೆರೆಗಳು. ಫ್ಲಾಪಿಯಲ್ಲಿ ತುಂಬಿಕೊಂಡು, ಅದನ್ನು ಕರ್ಚೀಫಿನಲ್ಲಿ ಸುತ್ತಿ, ಮೂಡಲಗಿ ಬಸ್ಸು ಹತ್ತಿದೆವು. ಕಲ್ಲೋಳಿಯಲ್ಲಿ ಬಸ್ಸು ನಿಂತಾಗ ಕಾಕಾ ಇಳಿದು ಹೋಗಿ ಬಿಸಿ ಭಜಿ ತಂದರು. ಎಣ್ಣೆಯ ಕೈ ಫ್ಲಾಪಿಗೆ ತಾಗಬಾರದೆಂದು ನಾನು ತಿನ್ನಲಿಲ್ಲ. ಅಷ್ಟು ಜತನ ಮಾಡಿದ್ದೆ ನೋಡಿ.

ನೇಮಣ್ಣನವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೊಡಗಳ ಸಾಲಿನ ನಡುವೆ, ಅವರ ಹೊಸ ಕಂಪ್ಯೂಟರು. ಪುಟ ತೆರೆದೆ. ಫೋಟೋಗಳಿದ್ದಲ್ಲಿ ಖಾಲಿ ಚೌಕಗಳು ಕಂಡವು. ಕನ್ನಡ ಅಕ್ಷರಗಳಿದ್ದಲ್ಲಿ ಇಂಗ್ಲಿಷಿನ ತುಂಡುಗಳು, ಚುಕ್ಕೆಗಳು, ಕೊಕ್ಕೆಗಳು.

"ಹೇ ಕಾಯ್ ಝಾಲಂ?" ಎಂದು ನೇಮಣ್ಣನವರು ಕನ್ನಡಕ ಏರಿಸಿದರು. "ಏ ಭೀಮಣ್ಣಾ, ಇದೇನೋ? ಭಾಂಡಿ ಅಂಗಡಿ ಹೆಸರೋ, ಮಾಟ ಮಾಡಿದ ಚೀಟಿನೋ?"

ತಪ್ಪು ನನ್ನದು. ಫೋಟೋಗಳು ನಮ್ಮ ಗೋಕಾಕದ ಕಂಪ್ಯೂಟರಿನಲ್ಲೇ ಇದ್ದವು. ಅಲ್ಲಿಂದ ತೆಗೆದುಕೋ ಎಂದು ಪುಟದಲ್ಲಿ ಬರೆದು, ಪುಟವನ್ನಷ್ಟೇ ಹೊತ್ತು ಮೂಡಲಗಿಗೆ ಬಂದಿದ್ದೆ. ಕನ್ನಡ ಅಕ್ಷರಗಳನ್ನೂ ನಮ್ಮ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದೆವು, ಅವರದರಲ್ಲಿ ಅವು ಇರಲಿಲ್ಲ. ಇಂಟರ್ನೆಟ್ಟೇ ನೋಡದ ಊರಿನ ವೆಬ್ ಡಿಸೈನರು ಮಾಡುವ ತಪ್ಪು ಇದು. ಒಂದೇ ಕಂಪ್ಯೂಟರಿನಲ್ಲಿ ಹುಟ್ಟಿ, ಬೆಳೆದು, ಅಲ್ಲೇ ಭೇಷ್ ಅನ್ನಿಸಿಕೊಂಡ ಪುಟ, ಹೊರಗಿನ ಗಾಳಿ ತಾಗಿದ್ದೇ ಸತ್ತಿತು. ಆದರೆ ನಾನು, "ನಿಮ್ಮ ಕಂಪ್ಯೂಟರ್ ಸ್ವಲ್ಪ ಹಳೇದ್ರಿ," ಎಂದೆ. ಅದು ನಮ್ಮದಕ್ಕಿಂತ ಮೂರು ವರ್ಷ ಹೊಸದು.

ಮರಳುವ ಬಸ್ಸಿನಲ್ಲಿ ಕಾಕಾನೇ ದಾರಿ ಹುಡುಕಿದರು. "ಫೋಟೋ ಎಲ್ಲಿ ಹೋದ್ರೂ ಫೋಟೋನ ಅಲ್ರಿ? ಹಂಗಾರ ಅಕ್ಷರಾನೂ ಫೋಟೋ ಮಾಡೂನು. ನಾ ಕೈಯಿಂದ ಬರೀತೇನಿ." ಅಂಥದೊಂದು ಉಪಾಯ ಆಗ ದೊಡ್ಡ ದೊಡ್ಡ ಊರಿನವರೂ ಮಾಡುತ್ತಿದ್ದರೆಂದು ನನಗೆ ಎಷ್ಟೋ ದಿನದ ನಂತರ ಗೊತ್ತಾಯಿತು. ಕಾಕಾ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಡ್ರಾಯಿಂಗ್ ಹಾಳೆಯ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದರು. 'ಭಾಂಡೆ ಅಂಗಡಿ'. ಎಡಗೈಯಿಂದ ಬಲಗೈ ಹಿಡಿದು ಬರೆದ ಅಕ್ಷರಗಳು. 'ಭಾ' ತುಂಬಿದ ಹೊಟ್ಟೆಯದು. "ಭಾಂಡಿ ಅಂಗಡಿ 'ಭಾ' ಕೊಡದಂಗ ಇರಬೇಕ್ರಿ. ನೋಡಿದ್ರ ನೀರಡಿಕಿ ಆಗಬೇಕ," ಎಂದರು. ಕೆಳಗೆ ಬಲ ಮೂಲೆಯಲ್ಲಿ ಸಣ್ಣಗೆ ಅವರ ಹೆಸರು, ಊರು.

ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೋದಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿದೆವು. ಕಾಕಾ ಊರಿಗೆ ಹೋದರು. ಮರುದಿನ ಮುಂಜಾನೆ ಮೂಡಲಗಿಗೆ ಹೋಗುವುದೆಂದು ಮಾತಾಯಿತು. ಸಂಜೆ ನಾನೊಬ್ಬಳೇ ಕುಳಿತು ಅಂಗಡಿಯ ಹೆಸರನ್ನು ಪುಟಕ್ಕೆ ಕೂಡಿಸಿದೆ, ವಿಳಾಸವನ್ನು ಇಂಗ್ಲಿಷಿಗೆ ಬದಲಿಸಿದೆ, ಫೋಟೋಗಳನ್ನೂ ಫ್ಲಾಪಿಗೆ ತುಂಬಿದೆ. ಕೊಡದ ಫೋಟೋ ಪಕ್ಕದಲ್ಲಿ ಅಷ್ಟಗಲದ ಹೆಸರು ಹಿಡಿಸಲಿಲ್ಲ. ಅಗಲದ ಅಂಕೆಯನ್ನು ಒಂದಿಷ್ಟು ಇಳಿಸಿ ಹಿಡಿಸಿದೆ. ಆಮೇಲೆ ಆ ಮೂಲೆಯ ಹೆಸರು ಕಣ್ಣಿಗೆ ಬಿತ್ತು. ವೆಬ್ ಪುಟದ ಮೇಲೆ ಪೇಂಟರ್ ಹೆಸರು ಯಾರಾದರೂ ಹಾಕುತ್ತಾರೆಯೇ, ಬೆಳಗಾವಿಯಲ್ಲಿ ನನಗೆ ಕಲಿಸಿದವರು ನೋಡಿದರೆ ಏನಂದಾರು, ಎಂದುಕೊಂಡು ಕತ್ತರಿಸಿ ತೆಗೆದೆ. ತೆಗೆದು ಸುಮ್ಮನಿದ್ದರೂ ಆಗುತ್ತಿತ್ತು. ಅದೇ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಡಿಸೈನ್' ಎಂದು ಬರೆದು ಮುಂದೆ ನನ್ನ ಹೆಸರು ಹಾಕಿದೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನನ್ನ ಹೆಸರು ಅಷ್ಟು ಚಂದ ಕಾಣುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಈ ಸಲ ಮೂಡಲಗಿಯಲ್ಲಿ ಪುಟ ಸರಿಯಾಗಿ ತೆರೆಯಿತು. ನೇಮಣ್ಣನವರು ದುಡ್ಡಿನ ಗಲ್ಲೆ ಬಿಟ್ಟು ಎದ್ದು ಬಂದರು. "ವಾ! ಬೇಸ್ ಆಗೇತಿ. ಇದ ಅಕ್ಷರ ಫ್ಲೆಕ್ಸಿಗೂ ಹಾಕಸೂನು," ಎಂದು ಅಲ್ಲಿಂದಲೇ ಪುಟದ ಪ್ರಿಂಟು ತೆಗೆಸಿ ಇಟ್ಟುಕೊಂಡರು. ಕಾಕಾ ಪರದೆಯ ಹತ್ತಿರ ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು, ಬಾಗಿಲವರೆಗೆ ಹೋಗಿ ಅಲ್ಲಿಂದ ನೋಡಿದರು. ನಂತರ ಚೀಲ ಹೆಗಲಿಗೇರಿಸಿ, "ಬಸ್ಸಿನ ಹೊತ್ತಾತು, ನಾ ಬರ್ತೇನ್ರಿ," ಎಂದರು. ಗೋಕಾಕದವರೆಗೆ ಬೇರೆ ಸೀಟಿನಲ್ಲಿ ಕುಳಿತರು. ಮತ್ತೆ ಕ್ಲಾಸಿಗೆ ಬರಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಬುತ್ತಿಯಲ್ಲಿ ಪಾಲು ಕೊಟ್ಟವರ ಹೆಸರನ್ನು ಅಳಿಸಿ ಅಲ್ಲಿ ನನ್ನ ಹೆಸರು ಬರೆದಿದ್ದೆ. ದೀಪಾವಳಿಗೆ ಫ್ಲೆಕ್ಸ್ ಏರಿತು. ಮೂಡಲಗಿಗೆ ಹೋದಾಗ ಬಸ್ಸಿನಿಂದ ನೋಡಿ, ನನ್ನ ಪುಟದ ಅಕ್ಷರ ಹಾದಿಬೀದಿಗೆ ಬಂತಲ್ಲ ಎಂದು ಹೆಮ್ಮೆಪಟ್ಟು ಪಕ್ಕದ ಸೀಟಿನವರಿಗೂ ತೋರಿಸಿದೆ. ಮರುಗಳಿಗೆ ನಾಚಿಕೆಯಾಯಿತು. ಮುಂದೆ ನಾನು ದೊಡ್ಡ ಕಾಲೇಜುಗಳಲ್ಲಿ ಕಲಿಸಿದೆ, ಎಷ್ಟೋ ಪುಟ ಮಾಡಿದೆ, ಯಾವುದರ ಕೆಳಗೂ ನನ್ನ ಹೆಸರು ಹಾಕಲು ಮನಸ್ಸು ಬರಲಿಲ್ಲ. ಹುಕ್ಕೇರಿಗೆ ಹೋಗಿ ತಪ್ಪಾಯಿತು ಎನ್ನುವುದು ಅರ್ಧ ದಿನದ ಕೆಲಸ. ಅರ್ಧ ದಿನಕ್ಕೆ ಇಪ್ಪತ್ತು ವರ್ಷ ಹಿಡಿಯಿತು.

ಕಾಲೇಜಿನ ಭಾಷಣ ಹೇಗಾಯಿತೆಂದು ಕೇಳಬೇಡಿ. ಚಹಾ ಬಂದಾಗ ಅಲ್ಲಿಯ ಜವಾನರನ್ನು ಭೀಮಣ್ಣ ಪೇಂಟರ್ ಇದ್ದಾರೆಯೇ ಎಂದು ಕೇಳಿದೆ. "ಅದಾರಲ್ರಿ, ಕಟ್ಟಿ ಮ್ಯಾಲ ಕುಂತಿರತಾರ," ಎಂದರು. ಎರಡು ಓಣಿ ದಾಟಿದರೆ ಮನೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಕಾಕಾನೇ ಬರೆದ ಬುದ್ಧನ ಚಿತ್ರ, ಅದರ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಕಾಕಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ತುಳುಕುತ್ತಿತ್ತು.

"ಅಕ್ಕೋರಲ್ಲ?" ಎಂದರು. "ಬರ್ರಿ, ಬರ್ರಿ. ಎಷ್ಟ ದಪ್ಪ ಆಗೀರಿ!"

ನಾನು ಶಾಲು ಅವರ ಹೆಗಲಿಗೆ ಹೊದಿಸಿ, ಕಟ್ಟೆಯ ಮೇಲೆ ಕುಳಿತು, ಇನ್ನು ತಡ ಮಾಡಿದರೆ ಧೈರ್ಯ ಹೋದೀತೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಕಾಕಾ, ಅವತ್ತ ನಿಮ್ಮ ಹೆಸರ ತಗದು ನನ್ನ ಹೆಸರ ಹಾಕಿದ್ನಿ. ತಪ್ಪಾತ್ರಿ. ಅದಕ್ಕ ನೀವು ಬರೂದ ಬಿಟ್ರಿ ಅಂತ ನನಗ ಗೊತ್ತೈತಿ."

ಕಾಕಾ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಭುಜ ಕುಣಿಯುವ ಹಾಗೆ ನಕ್ಕರು.

"ಹೆಸರಿನ ಸಿಟ್ಟ ಎರಡ ದಿನ ಇತ್ತ್ರಿ. ಹೆಸರ ತಗದದ್ದ ಒಂದು ನೀವು ನನಗ ಮಾಡಿದ ಉಪಕಾರ."

"ಉಪಕಾರ ಏನ್ರಿ ಕಾಕಾ?"

"ಅಕ್ಷರ ನೋಡಿದ್ದಿರೇನ್ರಿ ಅವತ್ತ? ಎರಡೂ ಬಾಜೂದಿಂದ ಹಿಡದ ಒತ್ತಿಬಿಟ್ಟಿದ್ರಿ. ನಾ ಕೊಡ ಬರದ ಕೊಟ್ಟಿದ್ನಿ, ನೀವು ಬಾಟ್ಲಿ ಮಾಡಿದ್ರಿ. ಆ ಬಾಟ್ಲಿ ಫ್ಲೆಕ್ಸಿನ ಮ್ಯಾಲ ಏರಿ ಎಷ್ಟ ವರ್ಷ ಮೂಡಲಗಿ ಹಾದ್ಯಾಗ ನಿಂತಿತ್ತು ಗೊತ್ತೈತೇನ್ರಿ? ಸಂಕೇಶ್ವರದ ಪೇಂಟರ್ ಒಬ್ಬಾವ ಬಸ್ಸಿನ್ಯಾಗ ಕೇಳಿದ, ಭೀಮಣ್ಣಾ, ಅದು ನಿನ್ನ ಅಕ್ಷರ ಏನೋ ಅಂತ. ನಂದಲ್ಲೋ ಮಾರಾಯಾ ಅಂದ್ನಿ. ಕೆಳಗ ಹೆಸರ ಇದ್ದಿದ್ರ ಹಂಗ ಅನ್ನಾಕ ಬರತಿತ್ತೇನ್ರಿ?"

ಅವರು ಇನ್ನೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅಗಲದ ಅಂಕೆಯನ್ನು ಇಳಿಸುವಾಗ ಎತ್ತರದ ಅಂಕೆಯನ್ನೂ ಇಳಿಸಬೇಕೆಂಬುದು ಮೊದಲ ವಾರದ ಪಾಠ. ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ, ತಪ್ಪಿದರೆ ಬೈಯುತ್ತೇನೆ. ಆ ಸಂಜೆ ನನ್ನ ಹೆಸರು ನೋಡಿಕೊಳ್ಳುವ ಸಂಭ್ರಮದಲ್ಲಿ ಅವರ ಅಕ್ಷರದ ಕಡೆಗೆ ನೋಡಿಯೇ ಇರಲಿಲ್ಲ. ಅಕ್ಷರ ಉಳಿಯಬೇಕೆಂದು ಬಸ್ಸು ಹತ್ತಿ ಬಂದವರು, ಕೊನೆಗೆ ಅದೇ ಅಕ್ಷರವನ್ನು ನನ್ನದಲ್ಲ ಎನ್ನಬೇಕಾಯಿತು. ಇಷ್ಟು ವರ್ಷ ನಾನು ಪಟ್ಟ ಪಶ್ಚಾತ್ತಾಪದಲ್ಲೂ ನನ್ನ ಹೆಸರೇ ದೊಡ್ಡದಾಗಿ ಕುಳಿತಿತ್ತು. ಅಲ್ಲೇ ಕಟ್ಟೆಯ ಮೇಲೆ ನನಗೆ ಅಳು ಬಂತು.

"ಅಳಬ್ಯಾಡ್ರಿ, ಮಂದಿ ನೋಡತಾರ," ಎಂದರು ಕಾಕಾ. "ಆ ಹಾಳಿ ಐತೇನ್ರಿ ಎಲ್ಲರೆ?"

ಹಾಳೆ ಎಲ್ಲಿ ಹೋಯಿತೋ, ಸ್ಕ್ಯಾನ್ ಮಾಡಿದ ಚಿತ್ರ ಇತ್ತು. ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಲ್ಯಾಪ್‌ಟಾಪಿಗೆ ಅದನ್ನು ಹೊತ್ತುಕೊಂಡೇ ಬಂದಿದ್ದೆ. ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದು ಮೊದಲು ಆ ಹಳೆಯ ಪುಟ ತೆರೆದೆ. ಕಾಕಾ ಮುಖ ಗಂಟಿಕ್ಕಿದರು. ಅಗಲದ ಅಂಕೆ ಅಳಿಸಿದೆ, ನನ್ನ ಹೆಸರಿನ ಸಾಲು ಅಳಿಸಿದೆ, ಕತ್ತರಿಸದ ಮೂಲ ಚಿತ್ರವನ್ನು ತಂದು ಕೂಡಿಸಿದೆ. ಅಕ್ಷರಗಳು ಎರಡೂ ಕಡೆಗೆ ಅಗಲವಾಗಿ, ಕೊಡದ ಫೋಟೋವನ್ನು ಪಕ್ಕಕ್ಕೆ ದಬ್ಬಿ, ತಮ್ಮ ಜಾಗ ತಾವು ಹಿಡಿದವು. 'ಭಾ'ಕ್ಕೆ ಹೊಟ್ಟೆ ಬಂತು.

ಕಾಕಾ ಕಟ್ಟೆಯಿಂದ ಇಳಿದು ಓಣಿಯ ಆಚೆ ಬದಿಗೆ ಹೋಗಿ ಅಲ್ಲಿಂದ ನೋಡಿದರು. ಮರಳಿ ಬಂದು ಹತ್ತಿರ ಕುಳಿತರು. "ಹಾಂ," ಎಂದರು. "ಇದು ನಂದು."

ನಾನು ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದೆ. 'ಅಂಗಡಿ'ಯ 'ಗ' ಅಕ್ಷರದ ಅಂಚು ಒಂದು ಕಡೆ ಸಣ್ಣಗೆ ಅದುರಿತ್ತು. ಎಡಗೈಯ ಹಿಡಿತ ಅಲ್ಲಿ ಒಂದು ಗಳಿಗೆ ಸಡಿಲವಾಗಿರಬೇಕು. ಈಗಿನ ಕಂಪ್ಯೂಟರಿನಲ್ಲಿ ಅದೇನು ದೊಡ್ಡ ಕೆಲಸ? "ಇದನ್ನೂ ನೆಟ್ಟಗ ಮಾಡತೇನ್ರಿ ಕಾಕಾ, ಗೊತ್ತ ಆಗೂದಿಲ್ಲ," ಎಂದು ಬಾಣವನ್ನು ಅಲ್ಲಿಗೆ ಒಯ್ದೆ.

ಕಾಕಾ ನಡುಗುವ ಕೈಯಿಂದ ನನ್ನ ಕೈ ಹಿಡಿದು ನಿಲ್ಲಿಸಿದರು.

"ಅದನ್ನ ಮುಟ್ಟಬ್ಯಾಡ್ರಿ ಅಕ್ಕೋರ. ಅದು ನನ್ನ ತಪ್ಪು. ನೀವು ನಿಮ್ಮದಷ್ಟ ತಿದ್ರಿ."

ನಾನು ಕೈ ತೆಗೆದೆ.